ಗಾಳಿ ಬಂದಾಗ ಹತ್ತುವ ದೀಪ

ಬೀದಿದೀಪದ ಕೆಲಸದಲ್ಲಿ ಇರುವವನನ್ನು ವಿಚಿತ್ರಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ಯಾಕೆಂದರೆ ಊರಿನವರೆಲ್ಲ ಮನೆ ಸೇರುವ ಹೊತ್ತಿಗೆ ಅವನು ಮನೆ ಬಿಡುತ್ತಾನೆ. ನಾನು ಬೈರಕೂರಿನ ಕಡೆಯ ಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವನು. ಕೋಲಾರ ಸೀಮೆಯ ಒಂದು ಸಣ್ಣ ಪುರಸಭೆಯಲ್ಲಿ ಬಹಳ ವರ್ಷದಿಂದ ದೀಪ ನೋಡಿಕೊಂಡಿದ್ದೇನೆ. ಸಂಜೆ ಮನೆಯಲ್ಲಿ ದೇವರ ಮುಂದೆ ದೀಪ ಹಚ್ಚಿ, ಹಣೆಗೆ ವಿಭೂತಿ ಇಟ್ಟುಕೊಂಡು, ಆಮೇಲೆ ಊರಿಗೆ ಹಚ್ಚಲು ಹೊರಡುವುದು ನನ್ನ ಪದ್ಧತಿ. ಕುರುಡುಮಲೆ ಗಣಪನನ್ನು ನೆನೆಯದೆ ಒಂದು ಸ್ವಿಚ್ಚನ್ನೂ ನಾನು ಒತ್ತಿದವನಲ್ಲ.

ಈಗ ಪುರಸಭೆಗೆ ಪರಿಸರದ ಚಿಂತೆ ಬಂದಿದೆ. ಆಫೀಸಿನ ತಾರಸಿ ಮೇಲೆ ಸೋಲಾರ್ ಹಲಗೆ ಬಂತು. ಮನೆಮನೆಗೂ ಹಸಿ ಕಸಕ್ಕೊಂದು, ಒಣ ಕಸಕ್ಕೊಂದು ಬುಟ್ಟಿ ಬಂತು. ಅದರ ಹಿಂದೆಯೇ ಹೊಸ ಮಾದರಿಯ ದೀಪದ ಕಂಬವೂ ಬಂತು, ಒಂದೇ ಒಂದು. ಅದನ್ನು ಸುಡುಗಾಡಿನ ದಾರಿಯಲ್ಲಿ ನೆಡುವುದೆಂದು ತೀರ್ಮಾನವಾಯಿತು.

ಸುಡುಗಾಡಿಗೆ ದೀಪ ಯಾಕೆ ಎಂದು ಕೇಳಿದವರುಂಟು. ಸುಡುಗಾಡಿನ ಆಚೆ ಸೊಪ್ಪಿನವ್ವನ ಮನೆ ಇದೆ. ವಯಸ್ಸಾದ ಹೆಂಗಸು, ಒಬ್ಬಳೇ. ಅರ್ಧ ಎಕರೆಯಲ್ಲಿ ದಂಟು, ಕೀರೆ ಬೆಳೆದು, ಬೆಳಕು ಹರಿಯುವ ಮೊದಲೇ ಬುಟ್ಟಿ ಹೊತ್ತು ಪೇಟೆಗೆ ಬರುತ್ತಾಳೆ. ಬೇರೆ ದಾರಿಯಿಲ್ಲ. ಹೋದ ವರ್ಷ ಆ ಕತ್ತಲಲ್ಲಿ ಗುಂಡಿಗೆ ಬಿದ್ದು ಕೈ ಮುರಿದುಕೊಂಡಳು. ಮೂಳೆ ಕೂಡಿತು, ಸೊಟ್ಟಗೆ ಕೂಡಿತು. ಇನ್ನೊಮ್ಮೆ ಬಿದ್ದರೆ ಬುಟ್ಟಿ ಹೊರುವಂತಿಲ್ಲ, ಬುಟ್ಟಿ ಹೊರದಿದ್ದರೆ ಊಟವಿಲ್ಲ. ಆ ಒಂದು ಕಂಬದ ಮೇಲೆ ಅವಳ ಬದುಕು ನಿಂತಿತ್ತು. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದೆಲ್ಲ ನಗುವ ವಿಷಯ.

೧. ಶಕ್ತಿ ಸ್ಥಾಪನೆ

ಕಂಬ ನೆಡುವ ಹಿಂದಿನ ದಿನ ಕಸದ ಗಾಡಿಯ ಮೈಕಿನಲ್ಲಿ ಸಾರಿಸಿದೆವು. ನಾಳೆ ಸಂಜೆ ಸುಡುಗಾಡಿನ ದಾರಿಯಲ್ಲಿ ಸೌರಶಕ್ತಿ ಸ್ಥಾಪನೆ, ಸಾರ್ವಜನಿಕರು ಸಹಕರಿಸಬೇಕು ಎಂದು ನಾನೇ ಬರೆದುಕೊಟ್ಟಿದ್ದೆ. ಆ ಮೈಕಿಗೆ ಒಂದು ಕಾಯಿಲೆ. ಗಾಡಿ ಕುಲುಕಿದಾಗಲೆಲ್ಲ ಒಂದೆರಡು ಅಕ್ಷರ ನುಂಗುತ್ತದೆ. ನಮ್ಮ ರಸ್ತೆಗಳಲ್ಲಿ ಗಾಡಿ ಕುಲುಕದ ಜಾಗವಿಲ್ಲ. ಹೀಗಾಗಿ ಊರಿನ ಕಿವಿಗೆ 'ದಾರಿ'ಯೂ ಬೀಳಲಿಲ್ಲ, 'ಸೌರ'ವೂ ಬೀಳಲಿಲ್ಲ. ಸುಡುಗಾಡಿನಲ್ಲಿ ಶಕ್ತಿ ಸ್ಥಾಪನೆ ಎಂದಷ್ಟೇ ಬಿತ್ತು.

ಗುಡಿಯಲ್ಲಿ ಶಕ್ತಿಯನ್ನು ಸ್ಥಾಪಿಸಿದರೆ ಜನ ಹಬ್ಬ ಮಾಡುತ್ತಾರೆ. ಸುಡುಗಾಡಿನಲ್ಲಿ ಸ್ಥಾಪಿಸುತ್ತಾರೆ ಎಂದರೆ ಬೆನ್ನಿನ ಮೇಲೆ ತಣ್ಣಗೆ ಏನೋ ಹರಿದಂತಾಗುತ್ತದೆ. ಮರುದಿನ ನಾನು ಮತ್ತು ನಮ್ಮ ಇಂಜಿನಿಯರು ಹೋಗಿ ನೋಡಿದರೆ, ದಾರಿಯ ಎರಡೂ ಕಡೆ ಜನ. ಕಂಬಕ್ಕೆಂದು ಅಗೆದಿಟ್ಟ ಗುಂಡಿಯ ಸುತ್ತ ಅರಿಸಿನ ಬಳಿದಿತ್ತು. ಗುಂಡಿಯೊಳಗೆ ಬೇವಿನ ಸೊಪ್ಪು, ಅದರ ಮೇಲೆ ಕುಂಕುಮ ತುಂಬಿ ಕೊಯ್ದ ಏಳು ನಿಂಬೆಹಣ್ಣು.

ಇಂಜಿನಿಯರು ಬೆಂಗಳೂರಿನಲ್ಲಿ ಓದಿ ಬಂದ ಹುಡುಗ. ಸಣ್ಣ ದನಿಯಲ್ಲಿ, ಇದನ್ನು ಇಟ್ಟವರು ಯಾರು ಎಂದು ಕೇಳಿದ. ಎಲ್ಲರೂ ಪಕ್ಕದವರ ಮುಖ ನೋಡಿದರು. ಆ ನಿಂಬೆಹಣ್ಣು ಇಟ್ಟವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಅಲ್ಲಿ ನೆರೆದವರಿಗೂ ಗೊತ್ತಿರಲಿಲ್ಲ, ಅದು ಅವರ ಮುಖದಲ್ಲೇ ಕಾಣುತ್ತಿತ್ತು.

ಆಗ ಕೆಂಪು ಹುಂಜವೊಂದನ್ನು ಕಂಕುಳಲ್ಲಿ ಹಿಡಿದವನು ಮುಂದೆ ಬಂದ.

"ಸ್ವಾಮಿ, ಈ ಅಮ್ಮನಿಗೆ ಕೋಳಿ ನಡೀತದಾ?"

"ಇದಕ್ಕೆ ಬಿಸಿಲು ಸಾಕು. ಬೇರೆ ಏನೂ ಬೇಡ" ಎಂದ ಇಂಜಿನಿಯರು.

ಅವನು ಹುಂಜವನ್ನು ಒಮ್ಮೆ, ಗುಂಡಿಯನ್ನು ಒಮ್ಮೆ ನೋಡಿದ. ಭಕ್ತಿಯಿಂದ ಗುಂಡಿಗೆ ಕೈಮುಗಿದ. ಆಮೇಲೆ ಫೋನು ತೆಗೆದು ಮನೆಗೆ ಹೇಳಿದ:

"ಲೇ, ಮಸಾಲೆ ಅರೆಯೇ. ಅಮ್ಮ ಬೇಡ ಅಂದ್ಲು."

೨. ಅಳುವ ಕಂಬ

ಆ ಕಂಬದ ರೂಪವನ್ನು ಸ್ವಲ್ಪ ಹೇಳಬೇಕು. ಮಧ್ಯದಲ್ಲಿ ಸೋಲಾರ್ ಹಲಗೆ. ತುದಿಯಲ್ಲಿ ಮೂರು ರೆಕ್ಕೆಯ ಪುಟ್ಟ ಪಂಖ. ದೀಪದ ಕೆಳಗೆ ಗೋಲಿಯಷ್ಟು ದೊಡ್ಡ ಒಂದು ಕಣ್ಣು. ಯಾರೂ ಇಲ್ಲದಾಗ ದೀಪ ಮಂಕಾಗಿ ಉರಿಯುತ್ತದೆ, ಯಾರಾದರೂ ಕೆಳಗೆ ಬಂದರೆ ಆ ಕಣ್ಣು ಕಂಡುಹಿಡಿದು ಬೆಳಕು ಜೋರು ಮಾಡುತ್ತದೆ. ಮೇಲಿನ ಪಂಖ ಹಲಗೆ ಕಾಯದ ಹಾಗೆ ಬೀಸುವುದಕ್ಕೆ ಇಟ್ಟದ್ದು ಎಂದು ಊರೆಲ್ಲ ತಿಳಿದುಕೊಂಡಿತ್ತು.

ನೆಟ್ಟು ವಾರವಾಗಿರಬೇಕು. ಗೋಧೂಳಿ ಹೊತ್ತಿಗೆ ಕಂಬ ಅಳಲು ಶುರುಮಾಡಿತು. ಗಟ್ಟಿಯಾದ ಅಳು ಅಲ್ಲ. ಬಾಗಿಲ ಹಿಂದೆ ಯಾರೋ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ಅತ್ತ ಹಾಗೆ, ನಿಂತು ನಿಂತು. ನಾನು ಸ್ವತಃ ಕೇಳಿದ್ದೇನೆ. ಸೈಕಲ್ಲು ತಳ್ಳಿಕೊಂಡು ಹೋಗುತ್ತಿದ್ದವನು, ಯಾವಾಗ ಹತ್ತಿ ಕೂತೆನೋ, ಯಾವಾಗ ಮನೆ ಸೇರಿದೆನೋ ನೆನಪಿಲ್ಲ.

ಹೆರಿಗೆಯಲ್ಲಿ ಸತ್ತವಳು ಅಳುತ್ತಿದ್ದಾಳೆ ಎಂದರು. ಇಲ್ಲ, ಮದುವೆಯಾಗದೆ ಸತ್ತವಳು ಎಂದರು. ಅವಳು ತೆಲುಗಿನಲ್ಲಿ ಅಳುತ್ತಾಳೆ ಎಂದು ಹೇಳಿದವರೂ ಇದ್ದರು. ಅಳುವಿನಲ್ಲಿ ತೆಲುಗು, ಕನ್ನಡ ಹೇಗೆ ಗೊತ್ತಾಯಿತು ಎಂದು ನಾನು ಕೇಳಲಿಲ್ಲ.

ಕೊನೆಗೆ ಬಸ್ ಸ್ಟ್ಯಾಂಡಿನ ಹತ್ತಿರ ವೆಲ್ಡಿಂಗ್ ಅಂಗಡಿ ಇಟ್ಟಿರುವ ಸಾಬರನ್ನು ಕರೆದುಕೊಂಡು ಹೋದೆ. ಹಿರಿಯರು, ಕಮ್ಮಿ ಮಾತು. ಕಂಬದ ಬುಡದಲ್ಲಿ ಕಣ್ಣು ಮುಚ್ಚಿ ಕೇಳಿದರು. "ಭಾಯ್, ಏನನ್ನಿಸ್ತದೆ?" ಎಂದೆ. "ಬೇರಿಂಗ್" ಎಂದರು. ಬಿಸ್ಮಿಲ್ಲಾ ಎಂದು ಏಣಿ ಹತ್ತಿದರು, ಪಂಖದ ಗೂಟಕ್ಕೆ ನಾಲ್ಕು ತೊಟ್ಟು ಎಣ್ಣೆ ಬಿಟ್ಟರು. ಅಳು ನಿಂತಿತು.

ದೂರದಲ್ಲಿ ನಿಂತು ನೋಡಿದ ಜನಕ್ಕೆ ಬೇರಿಂಗ್ ಕೇಳಿಸಲಿಲ್ಲ, ಬಿಸ್ಮಿಲ್ಲಾ ಕೇಳಿಸಿತ್ತು. ಸಾಬರು ಒಂದು ಮಾತಿಗೆ ಅವಳ ಬಾಯಿ ಕಟ್ಟಿದರು ಎಂದು ಸುದ್ದಿಯಾಯಿತು. ಮರುದಿನದಿಂದ ವೆಲ್ಡಿಂಗ್ ಅಂಗಡಿಯ ಮುಂದೆ ತಾಯತಕ್ಕೆ ಸಾಲು. ಭಾಯ್ ನನ್ನ ಮೇಲೆ ಸಿಟ್ಟಾಗಿ, ಇವರಿಗೆಲ್ಲ ಅದು ಬರೀ ಎಣ್ಣೆ ಅಂತ ನೀವೇ ಬಂದು ಹೇಳಿ ಎಂದರು. ಹೋಗಿ ಹೇಳಿದೆ. ಸಾಲಿನಲ್ಲಿ ಮೊದಲು ನಿಂತಿದ್ದ ಹೆಂಗಸು ತಾಳ್ಮೆಯಿಂದ ಕೇಳಿಸಿಕೊಂಡು, ಸೆರಗಿನಿಂದ ಒಂದು ಸಣ್ಣ ಶೀಸೆ ತೆಗೆದಳು.

"ಎಣ್ಣೆನೇ ಕೊಡಿಸಣ್ಣ. ನಮ್ಮತ್ತೆಗೂ ಸಂಜೆ ಹೊತ್ತೇ ಶುರುವಾಗೋದು."

೩. ಕೈಮುಗಿದರೆ ಬೆಳಕು

ಇದು ನನ್ನದೇ ಮರ್ಯಾದೆ ಹೋದ ಪ್ರಸಂಗ. ಅಳು ನಿಂತ ಮೇಲೆ ಹೊಸ ದೂರು ಬಂತು. ಕೆಳಗೆ ಯಾರೂ ಇಲ್ಲದಿದ್ದರೂ ದೀಪ ಜೋರಾಗುತ್ತದಂತೆ. ಯಾರೋ ನಡೆದುಹೋದ ಹಾಗೆ ಸ್ವಲ್ಪ ಹೊತ್ತು ಬೆಳಗಿ, ಮತ್ತೆ ಮಂಕಾಗುತ್ತದಂತೆ.

ಅಮಾವಾಸ್ಯೆಯ ಸಂಜೆ. ಇಂಜಿನಿಯರಿಗೆ ಬಿಡುವಿಲ್ಲ ಎಂದು ನಾನೊಬ್ಬನೇ ಪರೀಕ್ಷೆಗೆ ಹೋದೆ. ಕಂಬದಿಂದ ಇಪ್ಪತ್ತು ಹೆಜ್ಜೆ ದೂರ, ಹುಣಸೆಮರದ ಬುಡದಲ್ಲಿ ನಿಂತೆ. ದೀಪ ಮಂಕಾಗಿತ್ತು. ಕಪ್ಪೆಯೂ ಕೂಗಲಿಲ್ಲ. ಹಿಂದಿನ ದಿನ ಸುಟ್ಟ ಜಾಗದಲ್ಲಿ ಬೂದಿ ಇನ್ನೂ ಬೆಚ್ಚಗಿದ್ದಿರಬೇಕು, ಅದರ ವಾಸನೆ ಬರುತ್ತಿತ್ತು.

ದೀಪ ಜೋರಾಯಿತು.

ಕೆಳಗೆ ಯಾರೂ ಇಲ್ಲ. ನಾಯಿಯಿಲ್ಲ, ಇಲಿಯಿಲ್ಲ. ಬೆಳಕಿನ ದುಂಡನೆಯ ಜಾಗ ಖಾಲಿ ಬಿದ್ದಿತ್ತು. ಎಣಿಸಿದೆ, ಒಂದು, ಎರಡು, ಹತ್ತು. ಒಬ್ಬ ಮನುಷ್ಯ ಮೆಲ್ಲಗೆ ದಾಟುವಷ್ಟು ಹೊತ್ತು. ಆಮೇಲೆ ಮಂಕಾಯಿತು. ಆ ಹೊತ್ತಿನಲ್ಲಿ ದಾಟಿದ್ದು ಏನು ಎಂದು ನನಗೆ ಈಗಲೂ ತಿಳಿಯದು. ಇಂಜಿನಿಯರು ಬಾವಲಿ ಎನ್ನುತ್ತಾನೆ. ಇದ್ದರೂ ಇರಬಹುದು.

ಆದದ್ದಾಗಲಿ ಎಂದು ಗಣಪನ ಹೆಸರು ಹೇಳುತ್ತಾ ಕಂಬದ ಕೆಳಗೇ ಹೋಗಿ ನಿಂತೆ. ದೀಪ ಜೋರಾಯಿತು. ಕಲ್ಲಿನ ಹಾಗೆ ನಿಂತಿದ್ದೆ, ಮತ್ತೆ ಮಂಕಾಯಿತು. ಹೆದರಿ ಎರಡೂ ಕೈ ಮೇಲೆತ್ತಿ ಮುಗಿದೆ. ಝಗ್ ಎಂದು ಬೆಳಗಿತು. ಕೈ ಇಳಿಸಿದೆ. ಸ್ವಲ್ಪ ಹೊತ್ತಿಗೆ ಮಂಕಾಯಿತು. ಮತ್ತೆ ಮುಗಿದೆ. ಮತ್ತೆ ಬೆಳಗಿತು. ನನ್ನ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ದೀಪ ಹಚ್ಚಿದ್ದಕ್ಕೆ ಯಾವುದೋ ದೇವತೆ ಓಗೊಡುತ್ತಿದೆ ಎಂದುಕೊಂಡು ಹದಿನೆಂಟು ಸಲ ಕೈಮುಗಿದೆ.

ಮರುದಿನ ಈ ಅನುಭವವನ್ನು ಇಂಜಿನಿಯರಿಗೆ ಗದ್ಗದಿತನಾಗಿ ಹೇಳಿದೆ. ಅವನು ಗೌರವದಿಂದಲೇ ಕೇಳಿಸಿಕೊಂಡ.

"ಅಣ್ಣ, ಆ ಕಣ್ಣು ಕದಲಿಕೆ ನೋಡುತ್ತೆ. ನೀವು ಒದ್ದಿದ್ದರೂ ಹತ್ತುತ್ತಿತ್ತು."

೪. ಹೋದಲ್ಲಿಗೆಲ್ಲ ಬರುತ್ತದೆ

ಇಷ್ಟೆಲ್ಲ ಆದಮೇಲೆ ನಮ್ಮ ವಾರ್ಡಿನ ಮೆಂಬರು ಎದ್ದರು. ಅವರ ವಾದ ಹೀಗೆ: ದೀಪದಲ್ಲಿ ದೋಷವಿಲ್ಲ, ಜಾಗದಲ್ಲಿ ದೋಷ. ಅಷ್ಟು ಒಳ್ಳೆಯ ದೀಪ ಹೆಣಗಳಿಗೆ ಉರಿಯುವುದು ಅನ್ಯಾಯ. ಕಿತ್ತು ತಂದು ಜನ ಇರುವ ಕಡೆ ನೆಡಬೇಕು. ಜನ ಇರುವ ಕಡೆ ಎಂದರೆ ಯಾವುದು ಎಂದು ವಿಚಾರಿಸಿದಾಗ, ಅದು ಅವರ ಮನೆ ಗೇಟಿನ ಮುಂದೆ ಎಂದು ತಿಳಿಯಿತು.

ಸುದ್ದಿ ಸೊಪ್ಪಿನವ್ವನಿಗೂ ಮುಟ್ಟಿತು. ಪೇಟೆಯಲ್ಲಿ ನನ್ನನ್ನು ನಿಲ್ಲಿಸಿ, ತನ್ನ ತೆಲುಗು ಬೆರೆತ ಮಾತಿನಲ್ಲಿ, "ಏಂ ನಾಯನಾ, ನನ್ನ ದೀಪ ಕಿತ್ಕೊಂಡು ಹೋಗ್ತಾರಂತೆ, ನಿಜಮಾ?" ಎಂದಳು. ಸೊಟ್ಟ ಕೈಯಲ್ಲಿ ಒಂದು ಕಂತೆ ಕೀರೆ ಸೊಪ್ಪು ನನ್ನ ಚೀಲಕ್ಕೆ ಹಾಕಿದಳು. ಬೇಡ ಅಂದರೂ ಕೇಳಲಿಲ್ಲ.

ಎರಡು ದಿನ ಬಿಟ್ಟು, ಹೊತ್ತು ಮುಳುಗುವಾಗ ಮೆಂಬರು ಜಾಗ ನೋಡಲು ಬಂದರು. ಕಿತ್ತು ಬೇರೆ ಕಡೆ ನೆಟ್ಟರೆ ಕೆಲಸ ಮಾಡುತ್ತದೆಯೇ ಎಂದು ಇಂಜಿನಿಯರನ್ನು ಕೇಳಿ, ಅಲ್ಲೇ ಅರ್ಜಿಗೆ ಸಹಿ ಹಾಕುವುದು ಅವರ ಉದ್ದೇಶ. ಕಂಬದ ಕೆಳಗೆ ನಾವು ಮೂವರೇ. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಸಮಾಧಿಗಳ ನಡುವೆ ಕತ್ತಲೆ ಸೇರಿಕೊಳ್ಳುತ್ತಿತ್ತು. ನಮ್ಮ ಇಂಜಿನಿಯರಿಗೆ ತನ್ನ ದೀಪ ಎಂದರೆ ಬಹಳ ಹೆಮ್ಮೆ. ಯಾರಾದರೂ ಕೇಳಲಿ ಎಂದೇ ಕಾಯುತ್ತಿದ್ದ.

"ಮಳೆಗಾಲದಲ್ಲಿ ಬಿಸಿಲಿಲ್ಲದಿದ್ದರೆ ಹೆಂಗಪ್ಪ ಹತ್ತೋದು?" ಎಂದರು ಮೆಂಬರು.

"ಅದಕ್ಕೇ ಸಾರ್ ಇದರ ವಿಶೇಷ. ಗಾಳಿ ಬಂದರೆ ಹತ್ತುತ್ತೆ."

ನಮ್ಮ ಕಡೆ ಗಾಳಿ ಎಂದರೆ ಎರಡು. ಒಂದು ಬೀಸುವುದು, ಇನ್ನೊಂದು ಮೈಗೆ ಸೋಕುವುದು. ಎರಡನೆಯದಕ್ಕೆ ಬೇವಿನ ಸೊಪ್ಪು, ಮಂತ್ರ, ನಿವಾಳಿ ಬೇಕಾಗುತ್ತದೆ. ಸುಡುಗಾಡಿನಲ್ಲಿ ನಿಂತು, ಮುಸ್ಸಂಜೆಯಲ್ಲಿ ಗಾಳಿ ಎಂದರೆ ಯಾವುದು ಎಂದು ಮೆಂಬರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರ ಮುಖದ ಬಣ್ಣ ಬದಲಾಯಿತು.

"ಗಾಳಿ... ಬಂದರೆ?"

"ಹೂಂ ಸಾರ್. ಇಲ್ಲಿ ಬಹಳ ಚೆನ್ನಾಗಿ ಬರುತ್ತೆ. ಸಂಜೆ ಹೊತ್ತು ಜಾಸ್ತಿ. ಎಲ್ಲ ನೋಡಿಯೇ ಈ ಜಾಗ ಆರಿಸಿದ್ದು."

"ಮತ್ತೆ ನಮ್ಮ ಮನೆ ಮುಂದೆ ನೆಟ್ಟರೆ?"

"ಏನೂ ಯೋಚನೆ ಮಾಡಬೇಡಿ, ಅಲ್ಲಿಗೂ ಬರುತ್ತೆ. ಗೇಟಿನ ಹತ್ತಿರ ಮಾವಿನ ಮರ ಅಡ್ಡ ಇದೆಯಲ್ಲ, ಅದೊಂದು ಕಡಿಸಿ. ಆಮೇಲೆ ನೇರವಾಗಿ ಮನೆ ಒಳಕ್ಕೇ ಬರುತ್ತೆ."

ಮೆಂಬರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅವರ ಮಗಳು ಚೊಚ್ಚಲ ಬಸುರಿ, ತವರಿಗೆ ಬಂದಿದ್ದಳು.

"ಮನೇಲಿ ಬಸುರಿ ಹೆಂಗಸಿದ್ದಾಳೆ ಕಣಯ್ಯ. ಅವಳಿಗೆ ಸೋಕಿದ್ರೆ?"

"ಸೋಕಬೇಕು ಸಾರ್, ಬಹಳ ಒಳ್ಳೇದು. ಕಿಟಕಿ ಬಾಗಿಲು ತೆಗೆದಿಟ್ಟು ಮಲಗೋಕೆ ಹೇಳಿ."

ಅದೇ ಗಳಿಗೆಯಲ್ಲಿ ನಮ್ಮ ತಲೆಯ ಮೇಲೆ ಪಂಖ ತಿರುಗತೊಡಗಿತು. ಕೆಳಗೆ ನಮಗೆ ಒಂದು ಎಳೆ ಗಾಳಿಯೂ ಮುಟ್ಟಿರಲಿಲ್ಲ. ಎಣ್ಣೆ ಕುಡಿದ ಪಂಖ ಸದ್ದಿಲ್ಲದೆ, ಮೆಲ್ಲಗೆ, ಯಾರೋ ಬೆರಳಿನಿಂದ ತಿರುಗಿಸಿದ ಹಾಗೆ ಸುತ್ತಿತು. ಇಂಜಿನಿಯರು ಮೆಂಬರ ಭುಜದ ಹಿಂದಕ್ಕೆ ಕೈ ತೋರಿಸಿ, ಮುಖ ಅರಳಿಸಿ ಹೇಳಿದ:

"ನೋಡಿ ಸಾರ್, ಬಂತು. ನಿಮ್ಮ ಹಿಂದಿನಿಂದಲೇ ಬಂತು."

ಒಂದು ಮಾತಿನಲ್ಲಿ ನಾನು ಇದನ್ನು ತಿಳಿಗೊಳಿಸಬಹುದಿತ್ತು. ಪಂಖ ತೋರಿಸಿ, ಸಾರ್, ಇದು ಬೀಸುವ ಗಾಳಿ, ಇದು ತಿರುಗಿದರೆ ಕರೆಂಟು ಹುಟ್ಟುತ್ತೆ ಎಂದಿದ್ದರೆ ಮುಗಿಯುತ್ತಿತ್ತು. ಜೀವನದಲ್ಲಿ ಸುಳ್ಳು ಹೇಳಬಾರದೆಂದು ನಡೆದುಕೊಂಡು ಬಂದವನು ನಾನು. ಅವತ್ತೂ ಹೇಳಲಿಲ್ಲ. ಕಣ್ಣು ಮುಚ್ಚಿ, ಗಣಪನ ಹೆಸರು ಸ್ವಲ್ಪ ಗಟ್ಟಿಯಾಗಿ ಹೇಳತೊಡಗಿದೆ, ಅಷ್ಟೇ. ಕಣ್ಣು ತೆರೆದಾಗ ಮೆಂಬರು ಕಾರಿನೊಳಗಿದ್ದರು. ಗಾಜು ಒಂದು ಬೆರಳಷ್ಟು ಇಳಿಸಿ ಹೇಳಿದರು:

"ಅದು ಎಲ್ಲಿದೆಯೋ ಅಲ್ಲೇ ಇರಲಿ. ಬುಡ ಇನ್ನೂ ಗಟ್ಟಿ ಮಾಡ್ರಯ್ಯಾ, ಸಿಮೆಂಟು ನಾನು ಕೊಡಿಸ್ತೀನಿ."

ಇಂಜಿನಿಯರಿಗೆ ಬೇಜಾರು. ಇಷ್ಟು ವಿವರಿಸಿದರೂ ಯಾಕೆ ಬೇಡ ಅಂದರು, ನಾನು ಸರಿಯಾಗಿ ಹೇಳಲಿಲ್ಲವಾ ಎಂದು ದಾರಿಯುದ್ದಕ್ಕೂ ಕೇಳಿದ. ಬಹಳ ಚೆನ್ನಾಗಿ ಹೇಳಿದಿರಿ ಎಂದೆ.

ಮರುದಿನ ಮೂಡಲು ಕೆಂಪಾಗುವ ಮೊದಲೇ ಹೋಗಿ ಕಂಬದ ಹತ್ತಿರ ನಿಂತೆ. ಸೊಪ್ಪಿನವ್ವ ಬುಟ್ಟಿ ಹೊತ್ತು ಬಂದಳು. ಅವಳು ಹತ್ತಿರವಾದಂತೆ ದೀಪ ಬೆಳಗಿತು, ದಾರಿಯ ಗುಂಡಿಗಳೆಲ್ಲ ಕಾಣಿಸಿದವು. ದೀಪ ಎಲ್ಲಿಗೂ ಹೋಗುವುದಿಲ್ಲ ಎಂದೆ, ನಡೆದದ್ದನ್ನೆಲ್ಲ ಹೇಳಿದೆ. ಅವಳು ನಗಲಿಲ್ಲ. ನಿಜವಾಗಿ ಗಾಳಿಯೇ ಇದ್ದರೆ ನಿನಗೆ ಭಯವಿಲ್ಲವಾ ಅವ್ವ ಎಂದು ಕೇಳಿದೆ. ಅವಳು ತಲೆಯ ಮೇಲಿನ ಬುಟ್ಟಿ ಸರಿಮಾಡಿಕೊಂಡಳು.

"ನಾನು ಅರ್ಜಿ ಕೊಟ್ಟೂ ಕೊಟ್ಟೂ ಮುದುಕಿ ಆದೆ ನಾಯನಾ. ಒಬ್ಬ ಮೆಂಬರು ಬಂದ, ದೀಪ ಹತ್ತಲಿಲ್ಲ. ಇನ್ನೊಬ್ಬ ಬಂದ, ಹತ್ತಲಿಲ್ಲ. ಗಾಳಿ ಬಂತು, ಹತ್ತಿತು."

ನಾಲ್ಕು ಹೆಜ್ಜೆ ಹೋಗಿ, ತಿರುಗಿ ನಿಂತಳು.

"ಮುಂದಿನ ಎಲೆಕ್ಷನ್‌ಗೆ ಅದನ್ನೇ ನಿಲ್ಲಿಸು. ನನ್ನ ಓಟು ಅದಕ್ಕೇ."