ಸತ್ತವಳ ಅಳತೆಗೊಂದು ಒಲೆಕಟ್ಟೆ

ನನಗಾಗ ಇಪ್ಪತ್ತು ವರ್ಷ. ಅರವತ್ತು ವರ್ಷದ ಹಿಂದಿನ ಮಾತು. ಗುಬ್ಬಿಯಲ್ಲಿ ನಮ್ಮತ್ತೆಯಂಥ ಒಳ್ಳೆಯ ಅತ್ತೆ ಇನ್ನೊಬ್ಬಳಿರಲಿಲ್ಲ. ಸೊಸೆಯನ್ನು ಕೇಳದೆ ಒಂದು ಹಿಡಿ ಸುಣ್ಣ ಕೂಡ ಕಲಸುತ್ತಿರಲಿಲ್ಲ, ಅಷ್ಟು ಒಳ್ಳೆಯವಳು. ಆದರೆ ಕೇಳುತ್ತಿದ್ದದ್ದು ನನ್ನನ್ನಲ್ಲ, ನನಗಿಂತ ಮುಂಚಿನವಳನ್ನು. ಅವಳು ಸತ್ತು ಮೂರು ವರ್ಷವಾಗಿತ್ತು!

ನಾನು ಎರಡನೆಯ ಸಂಬಂಧಕ್ಕೆ ಬಂದವಳು. ಮೊದಲನೆಯವಳು ಅದೇ ಮನೆಯ ಅಡಿಗೆಮನೆಯಲ್ಲಿ, ನೆಲದ ಒಲೆ ಮುಂದೆ ಕೂತು ಮುದ್ದೆ ತಿರುವುವಾಗ ಸೆರಗಿಗೆ ಬೆಂಕಿ ಹತ್ತಿ ಹೋಗಿದ್ದಳು. ಇದನ್ನು ಮದುವೆಗೆ ಮುಂಚೆಯೇ ನಮ್ಮಪ್ಪನಿಗೆ ಹೇಳಿದ್ದರು. ಅತ್ತೆ ಅವಳ ಜೊತೆ ಇನ್ನೂ ಮಾತಾಡುತ್ತಾಳೆ ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಹೇಳಿದ್ದರೆ ನಾನು ಬರುತ್ತಿರಲಿಲ್ಲವೇ? ಬರುತ್ತಿದ್ದೆ. ಹೆಣ್ಣನ್ನು ಆಗ ಯಾರು ಕೇಳುತ್ತಿದ್ದರು?

ಆ ವರ್ಷ ಅಡಿಗೆಮನೆಯ ಮಣ್ಣಿನ ಗೋಡೆ ಕುಸಿಯಿತು. ಒಲೆ ಕಿತ್ತು, ಗೋಡೆ ಕೆಡವಿ ಹೊಸದಾಗಿ ಕಟ್ಟಿಸೋಣ, ಗಾರೆ ನೆಲ ಹಾಕಿಸೋಣ, ನಿಂತು ಬೇಯಿಸುವ ಕಟ್ಟೆಯನ್ನೂ ಮಾಡಿಸೋಣ ಎಂದರು ನಮ್ಮ ಯಜಮಾನರು. ಕುಣಿಗಲ್ ಹತ್ತಿರದ ಕೊತ್ತಗೆರೆಯಿಂದ ಗಾರೆ ಮೇಸ್ತ್ರಿ ಬಂದ. ಗೋಡೆ ಎದ್ದಿತು. ನೆಲಕ್ಕೆ ಯಾವ ಬಣ್ಣ, ಕಟ್ಟೆಗೆ ಯಾವ ಕಲ್ಲು ಎಂದು ಅವನು ಕೇಳಿದರೆ ಯಜಮಾನರು ಅಮ್ಮನನ್ನು ಕೇಳು ಎಂದು ಕೊಬ್ಬರಿ ವ್ಯಾಪಾರಕ್ಕೆ ಹೊರಟುಬಿಟ್ಟರು. ಅಮ್ಮ ಅವಳನ್ನು ಕೇಳಬೇಕಲ್ಲ!

ಮೇಸ್ತ್ರಿ ಮೂರು ಹೆಂಚಿನ ಮೇಲೆ ಮೂರು ಬಣ್ಣದ ಗಾರೆ ಬಳಿದು ಕೊಟ್ಟ. ಕೆಂಪು, ಹಸಿರು, ಕಪ್ಪು. ನನಗೆ ಹಸಿರು ಹಿಡಿಸಿತು, ಹೇಳಿದೆ. ಅತ್ತೆ ಮೂರನ್ನೂ ಒಯ್ದು ಹಳೆಯ ಒಲೆ ಇದ್ದ ಮೂಲೆಯಲ್ಲಿ ಸಾಲಾಗಿಟ್ಟು, ಬಾಗಿಲೆಳೆದುಕೊಂಡು ಬಂದಳು. ಅವಳಿಗೂ ನೋಡಲು ಟೈಮ್ ಬೇಕಂತೆ. ಊಟ ಮುಗಿಸಿ ಹೋಗಿ ನೋಡಿದರೆ ಹಸಿರಿನ ಹೆಂಚು ನಡುವಿಗೆ ಎರಡು ತುಂಡಾಗಿತ್ತು. ಬೆಕ್ಕಿನ ಕೆಲಸ ಎಂದೆ. ಆದರೆ ನೆಲದ ತುಂಬ ಧೂಳು, ಅದರ ಮೇಲೆ ಅತ್ತೆಯ ಹೆಜ್ಜೆ ಬಿಟ್ಟರೆ ಇನ್ಯಾವ ಗುರುತೂ ಇರಲಿಲ್ಲ.

"ಹಸ್ರು ಬ್ಯಾಡ್ವಂತೆ, ಕೆಂಪೇ ಇರ್ಲಂತೆ" ಎಂದಳು ಅತ್ತೆ, ಸಂತೆಯ ಸುದ್ದಿ ಹೇಳುವ ಹಾಗೆ.

ಮೇಸ್ತ್ರಿ ಆವತ್ತಿನ ಉಳಿದ ಕೆಲಸವನ್ನೆಲ್ಲ ಹಿತ್ತಲಲ್ಲಿ ಕೂತು ಮಾಡಿದ.

ಕಲ್ಲು ನೋಡಲು ನಾವಿಬ್ಬರೂ ತುಮಕೂರಿನ ಬಸ್ಸು ಹತ್ತಿದೆವು. ಅತ್ತೆ ಮೂರು ಟಿಕೇಟು ಕೇಳಿದಳು. ಮೂರನೆಯವರು ಎಲ್ಲಿ ಎಂದ ಕಂಡಕ್ಟರು.

"ಕಿಟ್ಕಿ ಪಕ್ಕ ಕೂತವ್ಳಲ್ಲಪ್ಪ. ಅವ್ಳಿಗೆ ಗಾಳಿ ಬೇಕು."

ಬಸ್ಸು ತುಂಬಿ ಜನ ಕಂಬಿ ಹಿಡಿದು ಜೋತಾಡುತ್ತಿದ್ದರು. ಆ ಸೀಟಿಗೆ ಮಾತ್ರ ಒಬ್ಬರೂ ಬಂದು ಕೂರಲಿಲ್ಲ. ಮುಂದಿನ ಸೀಟಿನಲ್ಲಿ ತಾಯಿಯ ಹೆಗಲ ಮೇಲಿದ್ದ ಒಂದು ಕೂಸು ತುಮಕೂರು ಬರುವ ತನಕ ಆ ಖಾಲಿ ಸೀಟನ್ನೇ ನೋಡಿ ಕಿಲಕಿಲ ನಗುತ್ತಿತ್ತು. ನಾನು ಇನ್ನೊಂದು ಕಡೆ ನೋಡುತ್ತಾ ಕೂತೆ.

ಕಲ್ಲಿನ ಅಂಗಡಿಯಲ್ಲಿ ಕಡಪ ಕಲ್ಲು ತೋರಿಸಿದರು. ಜನ ಕಲ್ಲನ್ನು ತಟ್ಟಿ ನೋಡುತ್ತಾರೆ, ನೀರು ಹಾಕಿ ನೋಡುತ್ತಾರೆ. ನಮ್ಮತ್ತೆ ಪಕ್ಕದ ಟೀ ಅಂಗಡಿಯಿಂದ ಇಕ್ಕಳದಲ್ಲಿ ಒಂದು ಕೆಂಡ ತರಿಸಿ ಅದರ ಮೇಲಿಟ್ಟಳು. ಆಮೇಲೆ ಪಕ್ಕಕ್ಕೆ ತಿರುಗಿ, ಗಾಳಿಗೆ, ಕೈ ಇಟ್ಟು ನೋಡವ್ವ, ಸುಡುತ್ತದಾ ಎಂದು ಕೇಳಿದಳು. ಕೇಳಿ ಕಾದಳು. ನಾನೂ ಕಾದೆ. ಅಂಗಡಿಯವನೂ ಕಾದ, ಪಾಪ, ಇನ್ನೇನು ಮಾಡಿಯಾನು? ಕೆಂಡ ಚುಂಯ್ ಎಂದು ಆರಿತು, ಯಾರೋ ನೀರು ಎರಚಿದ ಹಾಗೆ. ಕಲ್ಲು ಮುಟ್ಟಿ ನೋಡಿದೆ, ಒಣಗಿಯೇ ಇತ್ತು. ಇದೇ ಇರಲಿ ಎಂದಳು ಅತ್ತೆ. ಅಂಗಡಿಯವನು ಚೌಕಾಸಿಯನ್ನೇ ಮಾಡಲಿಲ್ಲ. ನಾವು ಮೂವರೂ ಬೇಗ ಹೊರಟರೆ ಸಾಕೆಂದು ಕಲ್ಲು ಸಾಗಿಸುವ ಗಾಡಿಯನ್ನೂ ತಾನೇ ಗೊತ್ತುಮಾಡಿಕೊಟ್ಟ!

ಗೋಡೆಯ ಸುಣ್ಣಕ್ಕೆ ಒಂದಿಷ್ಟು ನೀಲಿ ಬೆರೆಸೋಣ ಎಂದು ನಾನು ಆಸೆಪಟ್ಟೆ. ಅತ್ತೆ ಒಂದು ಬಕೇಟಿನಲ್ಲಿ ನೀಲಿ, ಒಂದರಲ್ಲಿ ಹಳದಿ ಕಲಸಿಟ್ಟಳು. ಬೆಳಗ್ಗೆ ನೋಡಿದರೆ ಗೋಡೆಯ ಮೇಲೆ ನೀಟಾಗಿ ಎಳೆದ ಒಂದು ಹಳದಿ ಪಟ್ಟಿ. ನನ್ನ ಎದೆಗಿಂತ ಕೆಳಗೇ ಇತ್ತು. ನಾನು ಎಳೆದಿಲ್ಲ. ತಾನು ಎಳೆದಿಲ್ಲ ಎಂದು ಮೇಸ್ತ್ರಿ ಮನೆದೇವರ ಮೇಲೆ ಆಣೆಯಿಟ್ಟ. ಅವನು ಎಳೆದಿಲ್ಲವೆಂದು ತನಗೆ ಗೊತ್ತು, ಅವನ ಕೈ ಇಷ್ಟು ನೇರ ಬರುವುದಿಲ್ಲ ಎಂದಳು ಅತ್ತೆ.

ಹೀಗೆ ನೆಲ ಅವಳದಾಯಿತು, ಕಲ್ಲು ಅವಳದಾಯಿತು, ಗೋಡೆ ಅವಳದಾಯಿತು. ದಿನಾ ಬೇಯಿಸಬೇಕಾದವಳು ನಾನು. ಎಲ್ಲ ನುಂಗಿಕೊಂಡೆ. ಬಣ್ಣ ಯಾವುದಾದರೇನು, ಹೊಗೆ ಹಿಡಿದ ಮೇಲೆ ಎಲ್ಲ ಒಂದೇ. ಕಟ್ಟೆಯ ಎತ್ತರ ಮಾತ್ರ ಹಾಗಲ್ಲ.

ಆ ಮೇಸ್ತ್ರಿ ಟೇಪು ಹಿಡಿಯುವವನಲ್ಲ. ಬೇಯಿಸುವ ಹೆಂಗಸು ನಿಲ್ಲಬೇಕು. ದಾರದ ಒಂದು ತುದಿಯನ್ನು ಅವನು ಕಾಲಿನ ಹೆಬ್ಬೆರಳಲ್ಲಿ ನೆಲಕ್ಕೆ ಒತ್ತುತ್ತಾನೆ, ಇನ್ನೊಂದನ್ನು ಅವಳು ಸೊಂಟದ ಹತ್ತಿರ ಹಿಡಿದುಕೊಳ್ಳಬೇಕು. ಅಲ್ಲಿಗೆ ಒಂದು ಗಂಟು, ಅದೇ ಕಟ್ಟೆಯ ಎತ್ತರ. ನಾನು ಮುಂದೆ ಬಂದೆ.

"ನೀನಲ್ಲ. ಅವ್ಳು ನಿಂತವ್ಳೆ, ಅವ್ಳ ಕೈಗೆ ಕೊಡಪ್ಪ" ಎಂದಳು ಅತ್ತೆ.

ಮೇಸ್ತ್ರಿ ನನ್ನ ಮುಖ ನೋಡಿದ, ಬೆವರೊರೆಸಿಕೊಂಡ, ದಾರವನ್ನು ಗಾಳಿಗೆ ನೀಡಿದ. ದಾರ ಬಿಗಿಯಾಯಿತು. ಅವನು ಹೆದರಿ ಕೈ ಬಿಟ್ಟ. ದಾರ ಬೀಳಲಿಲ್ಲ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ನಾನು ಕಣ್ಣಾರೆ ಕಂಡದ್ದು. ನನ್ನ ತೊಡೆಯ ಮಟ್ಟಕ್ಕೆ ನಿಂತಿತ್ತು. ಅವಳು ಅಷ್ಟು ಕುಳ್ಳಿಯಂತೆ. ನನಗೆ ಮೊದಲು ಬಂದದ್ದು ದೆವ್ವದ ಯೋಚನೆಯಲ್ಲ, ನನ್ನ ನಡುವಿನ ಯೋಚನೆ. ಈ ಎತ್ತರಕ್ಕೆ ಕಟ್ಟಿದರೆ ಸಾಯುವ ತನಕ ಬಗ್ಗಿಕೊಂಡೇ ಬೇಯಿಸಬೇಕಲ್ಲ!

"ಅತ್ತೆ, ಅವ್ಳ ಅಳ್ತೆಗೆ ಕಟ್ಟುದ್ರೆ ಅವ್ಳೇ ಬಂದು ಬೇಯಿಸ್ಲಿ. ನಾನು ನಮ್ಮೂರಿಗೆ ಹೋಯ್ತೀನಿ" ಎಂದುಬಿಟ್ಟೆ.

ಅತ್ತೆ ಬೈಯಲಿಲ್ಲ. ದಾರವನ್ನೇ ನೋಡುತ್ತಾ ನಿಂತಳು.

"ಕೇಳಿದ್ಲು ಕಣೆ" ಎಂದಳು. "ಕೂತ್ಕೊಂಡ್ರೆ ಸೆರಗು ಒಲೆ ಮುಂದಕ್ಕೇ ಬೀಳ್ತದೆ, ಒಂದು ಕಟ್ಟೆ ಹಾಕ್ಸಿ ಅತ್ತೆ ಅಂದ್ಲು. ನಿಂತು ಬೇಯ್ಸೋರು ಹೋಟ್ಲೋರು, ನೀನು ಸುಮ್ಕಿರು ಅಂದೆ. ಆಮೇಲೆ ಎಂಟು ದಿನ ಇದ್ಲು ಅಷ್ಟೆ."

ಮೇಸ್ತ್ರಿ ತಲೆ ತಗ್ಗಿಸಿದ. ಅತ್ತೆ ಆ ಖಾಲಿ ಜಾಗದ ಹತ್ತಿರ ಹೋಗಿ, ಕೂಸನ್ನು ಕರೆಯುವ ದನಿಯಲ್ಲಿ, "ಈಚೆ ಬಾರವ್ವ. ಇವ್ಳು ನಿಂತ್ಕೊಳ್ಳಿ. ಇವ್ಳಾದ್ರೂ ಇರ್ಲಿ" ಎಂದಳು.

ದಾರ ಸಡಿಲಾಗಿ ಕೆಳಗೆ ಬಿತ್ತು.

ನಾನು ಹೋಗಿ ಅಲ್ಲಿ ನಿಂತೆ. ಆ ಮೂಲೆಯ ಹಳೆಯ ಒಲೆ ಕಿತ್ತು ಹದಿನೈದು ದಿನವಾಗಿತ್ತು, ಆದರೂ ನೆಲ ಬೆಚ್ಚಗಿತ್ತು. ಅತ್ತೆ ದಾರದ ತುದಿಯನ್ನು ನನ್ನ ಕೈಗೂ ಕೊಡದೆ ತಾನೇ ನನ್ನ ಸೊಂಟಕ್ಕೆ ಹಿಡಿದಳು. ಗಂಟು ಹಾಕಿದ್ದಾದ ಮೇಲೆ ನನ್ನ ಸೆರಗನ್ನು ಸುತ್ತಿ ನಡುವಿಗೆ ಬಿಗಿಯಾಗಿ ಸಿಕ್ಕಿಸಿದಳು, ಎರಡು ಸಲ ಎಳೆದು ನೋಡಿದಳು. ನಾನು ಆ ಮನೆಗೆ ಬಂದ ಮೇಲೆ ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು.

ಸಂಜೆಯೊಳಗೆ ನನ್ನ ಸೊಂಟದ ಮಟ್ಟಕ್ಕೆ ಕಟ್ಟೆ ಎದ್ದಿತು. ಮಾರನೆಯ ಬೆಳಗ್ಗೆ ನಾನು ಬಾವಿಯಿಂದ ನಾಲ್ಕು ಬಿಂದಿಗೆ ನೀರು ಸೇದಿ ತಂದು, ಹಸಿ ಕಟ್ಟೆಗೆ ಗೋಣಿತಾಟು ಹೊದಿಸಿ, ಬಿರುಕು ಬಿಡದಿರಲೆಂದು ಚೆನ್ನಾಗಿ ನೆನೆಯುವ ಹಾಗೆ ಹುಯ್ದೆ.