ನೋವು ಕೇಳುವ ಕಚೇರಿ

ಒಬ್ಬಂಟಿ ಇರುವವರ ಎದುರಿಗೇ ನಗು ಬರುವಂಥ ಸಂಗತಿಗಳು ಹೆಚ್ಚು ನಡೆಯುತ್ತವೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಮನೆಗೆ ಹೋಗಿ ಹೇಳಿಕೊಳ್ಳಲು ಇವಳಿಗೆ ಯಾರೂ ಇಲ್ಲ ಎಂದು ಗೊತ್ತಾದ ಕೂಡಲೇ ಅವು ಸಾಲುಗಟ್ಟಿ ಬರುತ್ತವೆ.

ನಾನು ಮಾನವ ಹಕ್ಕುಗಳ ಸಂಸ್ಥೆಯೊಂದರ ವಿಭಾಗೀಯ ಕಚೇರಿಯಲ್ಲಿ ವಿಚಾರಣಾಧಿಕಾರಿ. ಗದಗಿನವಳು. ಮದುವೆಯಾಗಿಲ್ಲ, ಐವತ್ತು ದಾಟಿದೆ. ಬೈಲಹೊಂಗಲದಲ್ಲಿ ಒಂದು ಬಾಡಿಗೆ ಕೋಣೆ, ಊಟಕ್ಕೆ ಖಾನಾವಳಿ. ಖಾನಾವಳಿಯ ಅಕ್ಕ ನನ್ನೆದುರಿನ ಖಾಲಿ ಕುರ್ಚಿ ನೋಡಿ, "ಇನ್ನ ಯಾರರ ಬರೋರದಾರೇನ್ರಿ?" ಎಂದು ದಿನಾ ಕೇಳುತ್ತಾರೆ. ಇಲ್ಲ ಅನ್ನುತ್ತೇನೆ. ಅವರು ಕುರ್ಚಿಯನ್ನು ಬೇರೆ ಮೇಜಿಗೆ ಒಯ್ಯುತ್ತಾರೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಲ್ಲವೂ ನಮ್ಮ ವ್ಯಾಪ್ತಿ. ಇರುವವರು ನಾನು ಮತ್ತು ಡ್ರೈವರ್. ಮೊದಲು ನಮ್ಮ ಕೆಲಸ ಬಹಳ ಸುಲಭವಿತ್ತು. ದೂರು ಬಂದರೆ, ಯಾರ ಮೇಲೆ ದೂರು ಬಂದಿದೆಯೋ ಅವರಿಗೇ ಪತ್ರ ಬರೆದು ಹೌದೇ ಎಂದು ಕೇಳುತ್ತಿದ್ದೆವು. ಅವರು ಅಲ್ಲ ಎಂದು ಬರೆಯುತ್ತಿದ್ದರು. ನಾವು ಕಡತ ಕಟ್ಟಿಡುತ್ತಿದ್ದೆವು. ದೂರು ಕೊಟ್ಟವರೊಬ್ಬರನ್ನು ಬಿಟ್ಟು ಎಲ್ಲರಿಗೂ ಸಮಾಧಾನ. ಆಮೇಲೆ ಮುಖ್ಯ ಕಚೇರಿಗೆ ಹೊಸ ಮೇಡಂ ಬಂದರು. ಕೆಲಸದ ರೀತಿಯೇ ಬದಲಾಗಬೇಕು ಅಂದರು. ಮುಂದಿನದೆಲ್ಲ ಆ ಬದಲಾವಣೆಯ ಫಲ.

ಎಲ್ಲಿ ನೋವು?

ತರಬೇತಿಯಲ್ಲಿ ಹೇಳಿಕೊಟ್ಟ ಮೊದಲ ಪಾಠ ಇದು: ಬಂದವರನ್ನು ಅರ್ಜಿ ಎಲ್ಲಿ, ಆಧಾರ್ ಎಲ್ಲಿ ಎಂದು ಕೇಳಬೇಡಿ, ಮೊದಲು ಅವರ ನೋವು ಕೇಳಿ. ನಾನು ಮಣ್ಣಿನ ಹೂಜಿಯಲ್ಲಿ ನೀರು ತುಂಬಿಸಿ, ಎದುರಿಗೆ ಮೆತ್ತನೆಯ ಕುರ್ಚಿ ಹಾಕಿಸಿ ಕಾದೆ. ಬಹಳ ದಿನ ಯಾರೂ ಬರಲಿಲ್ಲ. ಬೇಸರ ಕಳೆಯಲು ಆ ಕುರ್ಚಿಯಲ್ಲಿ ನಾನೇ ಆಗಾಗ ಕೂತು ನೋಡುತ್ತಿದ್ದೆ.

ಒಂದು ಮಧ್ಯಾಹ್ನ ಮುರಗೋಡದ ಕಡೆಯ ರೈತರೊಬ್ಬರು ಮೆಟ್ಟಿಲು ಹತ್ತಿ ಬಂದರು. ಟವೆಲ್ಲಿನಿಂದ ಅರ್ಧ ಮುಖ ಮುಚ್ಚಿಕೊಂಡಿದ್ದರು. ಪಾಪ, ಯಾರಿಗೋ ಹೆದರಿ ಗುರುತು ಮರೆಸಿಕೊಂಡು ಬಂದಿದ್ದಾರೆ ಅಂದುಕೊಂಡೆ. ಕೂರಿಸಿ, ನೀರು ಕೊಟ್ಟು, ದನಿ ತಗ್ಗಿಸಿ ಕೇಳಿದೆ: "ಹೆದರಬ್ಯಾಡ್ರಿ. ಎಲ್ಲಿ ನೋವಾಗೈತಿ, ಹೇಳ್ರಿ."

ಅವರ ಕಣ್ಣಲ್ಲಿ ನೀರು ತುಂಬಿತು. ಟವೆಲ್ ಸರಿಸಿ, ಬಾಯಿ ಅಗಲಿಸಿ, ಹಿಂದಿನ ದವಡೆಯ ಮೇಲೆ ಬೆರಳಿಟ್ಟರು.

ಹಲ್ಲಿನ ಡಾಕ್ಟರು ಇರುವುದು ನಮ್ಮ ಮೇಲಿನ ಮಹಡಿಯಲ್ಲಿ. ನಾನೇ ಕೈಹಿಡಿದು ಹತ್ತಿಸಿ ಬಂದೆ. ಸಂಜೆ ಇಳಿದು ಹೋಗುವಾಗ ಅವರು ಹತ್ತಿ ತುಂಬಿದ ಬಾಯಲ್ಲೇ ಬಾಗಿಲಿಗೆ ಇಣುಕಿದರು. ಹಲ್ಲು ಕಿತ್ತವರು ಡಾಕ್ಟರಾದರೂ ಸಮಾಧಾನದಿಂದ ಕೇಳಿದವರು ನೀವೇ ಅಂದರು. ಆಮೇಲೆ, "ಮುಂದಿನ ಹಲ್ಲ ನಿಮ್ಮ ಕಡೇನ ಕೀಳಸ್ತೇನ್ರಿ," ಎಂದು ಮಾತು ಕೊಟ್ಟು ಹೋದರು.

ದುಂಡಗೆ ಹಾಕಿದ ಕುರ್ಚಿಗಳು

ಎರಡನೆಯ ಬದಲಾವಣೆ, ಜನ ಕಚೇರಿಗೆ ಬರದಿದ್ದರೆ ಕಚೇರಿಯೇ ಜನರ ಬಳಿ ಹೋಗಬೇಕು. ಅಧಿಕಾರಿ ಎತ್ತರದಲ್ಲಿ ಕೂರಬಾರದು. ಎಲ್ಲರೂ ದುಂಡಗೆ, ಮನೆಯವರಂತೆ ಕೂರಬೇಕು.

ಮೊದಲ ಬೈಠಕ್ ರಾಮದುರ್ಗದಲ್ಲಿ. ಡ್ರೈವರ್ ಉತ್ಸಾಹದ ಮನುಷ್ಯ. ಸಮುದಾಯ ಭವನದಲ್ಲಿ ಜಮಖಾನ ಹಾಸಿ, ಸುತ್ತ ಕುರ್ಚಿ ಇಟ್ಟು, ತಟ್ಟೆಗಳಲ್ಲಿ ಚುರುಮುರಿ ಹಾಕಿಸಿ, ಚಹಾಕ್ಕೂ ಹೇಳಿದ್ದ. ಮೊದಲ ದಿನವೆಂದು ನಾನು ಇಳಕಲ್ ಸೀರೆ ಉಟ್ಟಿದ್ದೆ. ತಲೆ ತಗ್ಗಿಸಿ ಕಾಗದ ಓದುತ್ತಾ ಕೂತಿದ್ದೆ.

ರೇಷನ್ ಕಾರ್ಡಿನಲ್ಲಿ ಹೆಸರು ತೆಗೆದಿದ್ದಾರೆ ಎಂದು ಹೇಳಲು ಬಂದಿದ್ದ ಅಜ್ಜಿಯೊಬ್ಬಳು ಬಾಗಿಲಲ್ಲೇ ನಿಂತು ಎಲ್ಲವನ್ನೂ ನೋಡಿದಳು. ಚುರುಮುರಿ ನೋಡಿದಳು, ಸೀರೆ ನೋಡಿದಳು. ಮೆಲ್ಲಗೆ ಬಂದು ನನ್ನ ಪಕ್ಕ ಕೂತು, ಗಂಡಿನ ಕಡೆಯವರು ಇನ್ನೂ ಬಂದಿಲ್ಲವೇ ಎಂದು ಕೇಳಿದಳು. ನಾನು ವಿವರಿಸುವಷ್ಟರಲ್ಲಿ ರೇಷನ್ ವಿಷಯಕ್ಕೆ ಉತ್ತರ ಹೇಳಬೇಕಿದ್ದ ಗುಮಾಸ್ತರು ಕಡತ ಹಿಡಿದು ಒಳಗೆ ಬಂದರು. ಅಜ್ಜಿ ಎದ್ದು ಹೋಗಿ ಅವರ ಕೈ ಹಿಡಿದಳು.

"ಹುಡುಗಿಗೆ ವಯಸ್ಸ ಒಂದಿಷ್ಟ ಆಗೈತಿ ಖರೆ, ಆದ್ರ ಸರಕಾರಿ ನೌಕರಿ ಐತಿ. ಬಿಡಬ್ಯಾಡ ತಮ್ಮಾ."

ಅವರು ನನ್ನನ್ನು ನೋಡಿದರು, ಚುರುಮುರಿ ನೋಡಿದರು, ಬೆವರಿದರು. ಹಿಂದೆ ನನ್ನನ್ನು ಹೆಣ್ಣು ನೋಡಲು ಬಂದವರಾದರೂ ಚುರುಮುರಿ ಮುಗಿಯುವ ತನಕ ಕೂತಿದ್ದರು. ಇವರು ಅದನ್ನೂ ಮುಟ್ಟಲಿಲ್ಲ. ಅಜ್ಜಿಯ ಹೆಸರನ್ನು ನಿಂತ ನಿಲುವಿನಲ್ಲೇ ಸೇರಿಸಿಕೊಟ್ಟು, ಕಡತವನ್ನೂ ಮರೆತು ಹೊರಟುಹೋದರು. ಅಷ್ಟು ಬೇಗ ಇತ್ಯರ್ಥವಾದ ಪ್ರಕರಣ ನಮ್ಮಲ್ಲಿ ಇನ್ನೊಂದಿಲ್ಲ.

ವಾರಕ್ಕೊಂದು ಫೋನು

ದೂರು ಕೊಟ್ಟವರಿಗೆ ವಾರಕ್ಕೊಮ್ಮೆ ಫೋನ್ ಮಾಡಬೇಕು, ಯಾರಾದರೂ ಬೆದರಿಸಿದರೇ ಎಂದು ವಿಚಾರಿಸಬೇಕು. ಇದು ಮೂರನೆಯದು.

ಕಿತ್ತೂರಿನ ಕಡೆ ನಿವೃತ್ತ ಬಸ್ ಕಂಡಕ್ಟರೊಬ್ಬರಿದ್ದಾರೆ. ಹೆಂಡತಿ ತೀರಿಹೋಗಿದ್ದಾರೆ, ಮಕ್ಕಳಿಲ್ಲ. ಓಣಿಯ ಜನ ಅವರಿಗೆ ನಲ್ಲಿಯ ನೀರು ಕೊಡುತ್ತಿರಲಿಲ್ಲ. ಅದೇ ಅವರ ದೂರು. ನಾನು ಪ್ರತಿ ವಾರ ಫೋನ್ ಮಾಡುತ್ತಿದ್ದೆ. ಬೆದರಿಕೆ ಇಲ್ಲ ಅಂದ ಮೇಲೆ ಮಾತು ಬೇರೆಡೆಗೆ ಹೊರಳುತ್ತಿತ್ತು. ಏನು ಅಡಿಗೆ ಎಂದು ಅವರು ಕೇಳುತ್ತಿದ್ದರು. ಖಾನಾವಳಿಯ ಪಲ್ಯ ಯಾವುದೆಂದು ನಾನು ಹೇಳುತ್ತಿದ್ದೆ. ಹಳೆಯ ಬಸ್ಸಿನ ದಾರಿಗಳನ್ನು ಅವರು ಊರೂರು ಹೆಸರಿಟ್ಟು ಹೇಳುತ್ತಿದ್ದರು. ಫೋನಿನ ದಿನ ಬಂದರೆ ಆ ಕೆಲಸವನ್ನು ನಾನು ಕಡೆಗೆ ಉಳಿಸಿಕೊಳ್ಳುತ್ತಿದ್ದೆ.

ಕಡೆಗೆ ನೀರು ಬಂತು. ಪ್ರಕರಣ ಮುಗಿಸಲೇ ಎಂದು ನಿಯಮದಂತೆ ಕೇಳಿದೆ.

"ನೀರೇನೋ ಬಂತ್ರಿ ಮೇಡಂ. ಆದ್ರ ಮುಗಿಸಿದ್ರ ನೀವು ಫೋನ್ ಹಚ್ಚಂಗಿಲ್ಲಲ್ಲರಿ?"

ಹಚ್ಚುವಂತಿಲ್ಲ ಅಂದೆ.

"ಹಂಗಾದ್ರ ನೀರ ಸಣ್ಣಗ ಬರತೈತಿ ಅಂತ ಬರ್ಕೋರಿ."

ಈ ಪ್ರಕರಣ ಏಕೆ ಬಾಕಿ ಎಂದು ಮುಖ್ಯ ಕಚೇರಿ ಆಗಾಗ ಕೇಳುತ್ತದೆ. 'ನೀರಿನ ಒತ್ತಡ ಪರಿಶೀಲನೆಯಲ್ಲಿದೆ' ಎಂದು ಉತ್ತರಿಸುತ್ತೇನೆ.

ವಿಲೇವಾರಿ

ಒಂದು ಬೆಳಿಗ್ಗೆ ಸವದತ್ತಿ ತಾಲೂಕಿನ, ಮಲಪ್ರಭೆಯ ದಂಡೆಯ ಹಳ್ಳಿಯೊಂದರಿಂದ ಹೆಣ್ಣುಮಗಳೊಬ್ಬಳು ಬಂದಳು. ಊರಿನ ಹೆಸರು ಬೇಡ. ಬಂದವಳು ನನ್ನ ಮುಖ ನೋಡಲಿಲ್ಲ. ಬಗ್ಗಿ ನನ್ನ ಮೇಜಿನ ಕೆಳಗಿನ ಕಸದ ಬುಟ್ಟಿಯಲ್ಲಿ ಕೈಯಾಡಿಸತೊಡಗಿದಳು.

ಏನು ಹುಡುಕುತ್ತೀರಿ ಎಂದು ಕೇಳಿದೆ. ನನ್ನ ದೂರು ಅಂದಳು. ಬದಲಾವಣೆ ಬರುವ ಮೊದಲು ನಾವೇ ಕಳಿಸಿದ್ದ ಪತ್ರವನ್ನು ತೋರಿಸಿದಳು. 'ತಮ್ಮ ದೂರನ್ನು ವಿಲೇವಾರಿ ಮಾಡಲಾಗಿದೆ' ಎಂದಿತ್ತು.

"ಊರಾಗ ಯಾರಿಗೂ ತಿಳೀಲಿಲ್ರಿ. ಯರಗಟ್ಟಿ ಸಂತಿಗೆ ಹೋದಾಗ ಕಸದ ಗಾಡಿ ಮ್ಯಾಲ ಇದ ಶಬ್ದ ಬರದಿತ್ತು. ಆ ಗಾಡಿಯವ್ನ ಕೇಳಿದ್ನಿ. ನನ್ನ ಕಡೆ ಬಂದಿಲ್ಲಬೇ, ಕಚೇರ್ಯಾಗ ಇರಬೇಕು ನೋಡು ಅಂದ."

ಅವಳನ್ನು ಕೂರಿಸಿ ಮೊದಲಿನಿಂದ ಕೇಳಿದೆ. ಗಂಡ ಮದುವೆಗಳಲ್ಲಿ ಸನಾದಿ ಊದುವವನು. ಒಂದು ಮದುವೆಯಲ್ಲಿ ಯಾರದೋ ಸರ ಕಳೆಯಿತು. ಓಣಿಯ ಜನರೆಲ್ಲ ನೋಡುತ್ತಿರುವಾಗಲೇ ಪೊಲೀಸ್ ಠಾಣೆಯವರು ಇವನನ್ನು ಜೀಪು ಹತ್ತಿಸಿಕೊಂಡು ಹೋಗಿ, ಹೊಡೆದರು. ಆಮೇಲೆ ಸರ ಮದುಮಗಳ ಪೆಟ್ಟಿಗೆಯಲ್ಲೇ ಸಿಕ್ಕಿತು. ಇವನನ್ನು ಬಿಟ್ಟರು. ಆದರೆ ಮತ್ತೆ ಯಾರೂ ಸನಾದಿಗೆ ಕರೆಯಲಿಲ್ಲ. ಅವನೂ ಮನೆಯ ಹೊಸ್ತಿಲು ದಾಟಲಿಲ್ಲ. ಹೊರಗೆ ಮಾತಾಡುವವರಿಲ್ಲ, ಒಳಗೆ ಮಾತಾಡುವವನಿದ್ದೂ ಮಾತಾಡುವುದಿಲ್ಲ ಅಂದಳು.

ದೂರುದಾರರಿಗೆ ಏನು ಬೇಕೆಂದು ಅವರನ್ನೇ ಕೇಳಿ ಎಂಬುದು ಹೊಸ ನಿಯಮ. ಕೇಳಿದೆ.

"ರೊಕ್ಕ ಬ್ಯಾಡ್ರಿ. ಒಯ್ದವ್ರ ಬಂದು, ನಮ್ಮ ಓಣ್ಯಾಗ ನಿಂತು, ಇಂವ ಕಳ್ಳ ಅಲ್ಲ ಅನ್ಲಿ."

ಹಾಗೆ ಹೇಳಿಸಲು ನಿಯಮವಿದೆಯೇ ಎಂದು ಮೇಡಂಗೆ ಫೋನ್ ಮಾಡಿದೆ. ಹೇಳಿಸಬಾರದು ಎಂದೂ ನಿಯಮವಿಲ್ಲವಲ್ಲ ಅಂದರು ಅವರು. ಕಡತ ಮತ್ತೆ ತೆರೆಯಿತು. ಹಾಗೆಂದು ಅವಳಿಗೆ ಹೊಸ ಪತ್ರವನ್ನು ನಾನೇ ಬರೆದು ಓದಿ ಹೇಳಿದೆ. ಅವಳು ಅದನ್ನು ಮಡಚಿಟ್ಟುಕೊಂಡು, ಹೋಗುವ ಮುನ್ನ ನನ್ನ ಕಸದ ಬುಟ್ಟಿಯನ್ನೆತ್ತಿ ಬಾಗಿಲಾಚೆ ಇಟ್ಟಳು. ಇದು ಇಲ್ಲಿದ್ದರೆ ಕೈ ತಪ್ಪಿ ದೂರು ಮತ್ತೆ ಇದರೊಳಗೆ ಬಿದ್ದೀತು ಅಂದಳು.

ಓಣಿಯಲ್ಲಿ ಹೇಳಿದ್ದು

ಠಾಣೆಗೆ ಹೊಸದಾಗಿ ಬಂದಿದ್ದ ಸಾಹೇಬರು ಒಳ್ಳೆಯವರು. ಹೇಳುತ್ತೇನೆ, ಒಯ್ದ ಪೊಲೀಸಪ್ಪನನ್ನೂ ಕರೆತರುತ್ತೇನೆ ಎಂದು ಒಪ್ಪಿದರು. ನಾನು ಮುಂಚೆಯೇ ಹೋಗಿ ಅವಳ ಕಟ್ಟೆಯ ಮೇಲೆ ಕೂತಿದ್ದೆ. ಗಂಡ ಒಳಗೆ ಗೋಡೆಗೆ ಮುಖ ಮಾಡಿ ಕೂತಿದ್ದ. ಯಾರು ಬರುತ್ತಾರೆಂದು ಅವಳು ಅವನಿಗೆ ಹೇಳಿರಲಿಲ್ಲ. ಹೇಳಿದರೆ ಹೆದರುತ್ತಾನೆಂದು.

ಯಾರಿಗೂ ಹೊಳೆಯದೆ ಹೋದದ್ದು ಒಂದೇ. ಅವರು ಅದೇ ಜೀಪಿನಲ್ಲಿ ಬಂದರು.

ಜೀಪು ತಿರುವಿನಲ್ಲಿ ಕಂಡಿತೋ ಇಲ್ಲವೋ, ಓಣಿಯ ಬಾಗಿಲುಗಳೆಲ್ಲ ಒಂದೊಂದಾಗಿ ಮುಚ್ಚಿಕೊಂಡವು. ಸಾಹೇಬರು ಟೋಪಿ ಸರಿಮಾಡಿಕೊಂಡು ಇಳಿದರೆ ಕೇಳಲು ಒಂದು ಕೋಳಿ ಮಾತ್ರ ಉಳಿದಿತ್ತು. ಒಳಗೆ ನೋಡಿದರೆ ಸನಾದಿಯವನೂ ಇಲ್ಲ. ಹಿತ್ತಲ ಬಾಗಿಲಿನಿಂದ ಉಳ್ಳಾಗಡ್ಡಿ ಹೊಲಕ್ಕೆ ಇಳಿದು ಹೊಳೆಯ ಕಡೆಗೆ ಓಡುತ್ತಿದ್ದ. ತಿಂಗಳುಗಟ್ಟಲೆ ಹೊಸ್ತಿಲು ದಾಟದವನು ಜಿಂಕೆಯ ಹಾಗೆ ಓಡುತ್ತಿದ್ದ.

ಪೊಲೀಸಪ್ಪನೂ ಬೆನ್ನು ಹತ್ತಿದ. ದೊಡ್ಡ ಹೊಟ್ಟೆಯ ಮನುಷ್ಯ, ಟೋಪಿ ಕೈಯಲ್ಲಿ ಹಿಡಿದು, ಮಡಿಗಳಲ್ಲಿ ಜಾರುತ್ತಾ ಓಡಿದ. ಸಾಹೇಬರಿಗೆ ಬೇರೆ ದಾರಿ ಕಾಣದೆ ಜೀಪಿನ ಧ್ವನಿವರ್ಧಕ ತೆಗೆದುಕೊಂಡರು.

"ಏ, ನಿಲ್ಲಪಾ. ನೀ ಕಳ್ಳ ಅಲ್ಲ. ನಿಂತ ಬಿಡು, ನೀ ಕಳ್ಳ ಅಲ್ಲ."

ಅದು ಓಣಿಗಷ್ಟೇ ಅಲ್ಲ, ಹೊಳೆಯಾಚೆಯ ಊರಿಗೂ ಕೇಳಿಸಿತು. ಮುಚ್ಚಿದ ಬಾಗಿಲುಗಳು ತೆರೆದವು. ಜನ ಮಾಳಿಗೆ ಹತ್ತಿದರು. ಮೊದಲು ಒಬ್ಬರು, ಆಮೇಲೆ ಎಲ್ಲರೂ ಕೂಗತೊಡಗಿದರು, ನಿಲ್ಲೋ, ನೀ ಕಳ್ಳ ಅಲ್ಲ ಅನ್ನಾಕ ಹತ್ತ್ಯಾರ, ನಿಲ್ಲು ಎಂದು. ಅವನು ಬದುವಿನ ಮೇಲೆ ನಿಂತ. ನಾವು ಅಲ್ಲಿಗೆ ಮುಟ್ಟಿದಾಗ ಪೊಲೀಸಪ್ಪ ಅವನ ಕಾಲ ಬಳಿಯೇ ಕುಸಿದು ಕೂತಿದ್ದ.

"ಕಳ್ಳ ಅಲ್ಲ ಅಂದ್ರ ಬೆನ್ನ ಯಾಕ ಹತ್ತೀರ್ರಿ ಮತ್ತ?" ಎಂದು ಅವನು ಕೇಳಿದ.

ಅದು ಅವನು ಎಷ್ಟೋ ತಿಂಗಳ ಮೇಲೆ ಆಡಿದ ಮೊದಲ ಮಾತಂತೆ. ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನನ್ನ ತೋಳು ಹಿಡಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ಇನ್ನೊಬ್ಬರ ಕೈ ನನ್ನ ತೋಳಿನ ಮೇಲೆ ಬಿದ್ದು ಎಷ್ಟು ಕಾಲವಾಗಿತ್ತೋ. ಅಲುಗಾಡದೆ ನಿಂತೆ.

ಪೊಲೀಸಪ್ಪ ಏದುಸಿರು ಬಿಡುತ್ತಾ ಸಾಹೇಬರ ಕಡೆ ಮುಖ ಎತ್ತಿದ.

"ಸಾಹೇಬ್ರ, ಇಂವ ಕಳ್ಳ ಅಲ್ಲ ಅನ್ನೂದು ನನಗ ಈಗ ಖಾತ್ರಿ ಆತ್ರಿ. ಇಷ್ಟ ಜೋರ ಓಡಾಂವಾ ಕಳ್ಳ ಆಗಿದ್ರ, ಅವತ್ತ ನನ್ನ ಕೈಗೆ ಸಿಗತಿದ್ದೇನ್ರಿ?"