ಒಲಿಂಪಿಕ್ ದೀಪ ದೊಡ್ಡದಾದ ಕಥೆ

ಒಲಿಂಪಿಕ್ಸ್ ಎಂದೋ ನಡೆದುಹೋದ ಊರಿಗೆ ಆ ಬಯಲನ್ನು ನೋಡಲು ಹೋಗುವುದೆಂದರೆ ಮದುವೆಯ ಮರುದಿನ ಛತ್ರಕ್ಕೆ ಊಟಕ್ಕೆ ಹೋದ ಹಾಗೆ. ಚಪ್ಪರ ಇರುತ್ತದೆ, ಬಾಳೆಕಂಬ ಬಾಡಿಕೊಂಡು ನಿಂತಿರುತ್ತದೆ, ಬನ್ನಿ ಕೂತ್ಕೊಳ್ಳಿ ಅನ್ನುವವರು ಮಾತ್ರ ಇರುವುದಿಲ್ಲ. ಈ ಜ್ಞಾನೋದಯ ನನಗಾದದ್ದು ಹೋದ ವರ್ಷ, ನಾನೂ ನನ್ನ ಹೆಂಡತಿ ಶಾರದೆಯೂ ಪ್ಯಾಕೇಜ್ ಟೂರಿನಲ್ಲಿ ಯುರೋಪು ಸುತ್ತುತ್ತಾ ಬಾರ್ಸಿಲೋನಾದ ಬೆಟ್ಟದ ಮೇಲೆ ಹೋಗಿ ನಿಂತಾಗ.

ಆ ಬೆಟ್ಟದ ಮೇಲೆ ನನಗೆ ಹಳೆಯ ಮೋಹ. ನಾನು ಆಗತಾನೇ ಕೆಲಸಕ್ಕೆ ಸೇರಿದ್ದ ಕಾಲದಲ್ಲಿ ಅಲ್ಲಿ ಒಲಿಂಪಿಕ್ಸ್ ನಡೆದಿತ್ತು. ಬಿಲ್ಲುಗಾರನೊಬ್ಬ ಉರಿಯುವ ಬಾಣ ಬಿಟ್ಟು ಎತ್ತರದ ಬಾಂಡಲಿಯಂಥದ್ದರಲ್ಲಿ ಜ್ಯೋತಿ ಹೊತ್ತಿಸಿದ್ದನ್ನು ನಜರ್‌ಬಾದಿನ ನಮ್ಮ ವಠಾರವೆಲ್ಲ ಒಂದೇ ಟಿವಿಯ ಮುಂದೆ ಬಾಯಿ ಬಿಟ್ಟುಕೊಂಡು ನೋಡಿತ್ತು. ನಮ್ಮಜ್ಜಿ ಮಾತ್ರ, "ಅಲ್ಲ ಕಣೋ, ದೀಪ ಹಚ್ಚಕ್ಕೆ ಬಾಣವೇ ಆಗ್ಬೇಕಾ? ಬೆಂಕಿಪೊಟ್ಟಣ ಇರ್ಲಿಲ್ವಾ ಅವ್ರತ್ರ?" ಅಂದಿದ್ದಳು. ಆಟಗಳು ಮುಗಿದ ದಿನ ಅದೇ ಜ್ಯೋತಿ ಮೆಲ್ಲಗೆ ಅಡಗಿದಾಗ ಕೈಮುಗಿದು, "ದೀಪ ದೊಡ್ಡದು ಮಾಡ್ಬುಟ್ರು ಕಣೋ. ಇನ್ನು ಟಿವಿ ಆರ್ಸು" ಅಂದಳು. ಟಿವಿಯನ್ನು ಆರಿಸಬಹುದು, ದೀಪವನ್ನು ಆರಿಸಬಾರದು, ಆ ಮಾತನ್ನು ಬಾಯಲ್ಲೂ ಆಡಬಾರದು. ದೀಪ ಆರಿದರೆ ದೊಡ್ಡದಾಯಿತು, ಬಳೆ ಒಡೆದರೆ ಹೆಚ್ಚಿತು, ಮನೆಯಿಂದ ಹೊರಟವನು ಹೋಗುವುದಿಲ್ಲ, ಬರುತ್ತಾನೆ. ನಾನು ಮಾತು ಕಲಿತದ್ದೇ ಅಜ್ಜಿಯ ಮಡಿಲಲ್ಲಿ. ಹಾಗಾಗಿ ಕೆಟ್ಟ ಸುದ್ದಿಯೆಲ್ಲ ನನ್ನ ಬಾಯಿಂದ ಶುಭವಾರ್ತೆಯಾಗಿಯೇ ಹೊರಡುತ್ತದೆ.

ಇರಲಿ. ಬೆಟ್ಟದ ಮೇಲೆ ಏನಿತ್ತು ಅಂತೀರಿ? ಜಗತ್ತೇ ನೆರೆದಿದ್ದ ಮೈದಾನದ ಮೆಟ್ಟಿಲಿನಲ್ಲಿ ಒಬ್ಬ ತಾಯಿ ಮಗುವಿಗೆ ಬಿಸ್ಕತ್ತು ತಿನ್ನಿಸುತ್ತಿದ್ದಳು. ಮೇಲೆ ಆ ಬಾಂಡಲಿ, ಹಬ್ಬದ ಮಾರನೇ ದಿನ ತೊಳೆದು ಬೋರಲು ಹಾಕುವುದನ್ನು ಮರೆತ ಪಾತ್ರೆಯ ಹಾಗೆ ತಣ್ಣಗೆ ನಿಂತಿತ್ತು. "ಇಷ್ಟೇನಾ?" ಅಂದಳು ಶಾರದೆ. "ನಮ್ಮ ಓವಲ್ ಮೈದಾನದಲ್ಲಿ ಬೆಳಿಗ್ಗೆ ವಾಕಿಂಗ್ ಬರೋರೇ ಇದಕ್ಕಿಂತ ಜಾಸ್ತಿ ಇರ್ತಾರಲ್ರೀ!"

ಆದರೆ ನಮ್ಮೂರಿನ ಮಂಡಕಳ್ಳಿ ನಿಲ್ದಾಣದಲ್ಲಿ ವಿಮಾನ ಇಳಿಯುವಷ್ಟರಲ್ಲಿ ನಾನು ಹಳೆಯ ಒಲಿಂಪಿಕ್ ತಾಣಗಳ ವಿಷಯದಲ್ಲಿ ದೊಡ್ಡ ಪಂಡಿತನಾಗಿಬಿಟ್ಟಿದ್ದೆ. ಒಂದು ಸಲ ನೋಡಿದವನಿಗಿರುವ ಧೈರ್ಯ ಹತ್ತು ಸಲ ನೋಡಿದವನಿಗೆ ಎಲ್ಲಿಂದ ಬರಬೇಕು? ಈ ವರ್ಷ ನಮ್ಮ ಬೀಗರು, ಮಗಳ ಅತ್ತೆಮಾವ, ಅದೇ ಟೂರಿಗೆ ಹೊರಟಾಗ ಕಾಫಿಗೆ ಕರೆದು ಕೂರಿಸಿಕೊಂಡೆ. ಬೀಗರು ರಂಗಸ್ವಾಮಿಯವರು ಹುಟ್ಟಿ ಬೆಳೆದದ್ದು ಕೊಯಮತ್ತೂರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ನಿವೃತ್ತರಾದ ಮೇಲೆ ವಿಜಯನಗರದಲ್ಲಿ ಮನೆ ಮಾಡಿದ್ದಾರೆ. ಬೀಗಿತಿ ಪದ್ಮಾವತಮ್ಮನವರು ಬಹಳ ದೈವಭಕ್ತೆ, ಮಂಡಿನೋವಿನವರು.

ನಾನು ಶುರುಮಾಡಿದೆ. "ಹೊಸ ಶೂ ಹಾಕ್ಕೊಂಡು ಹೋಗ್ಬೇಡಿ, ಹಳೇದೇ ಇರ್ಲಿ. ಮೈದಾನ ಒಂದು ಕಡೆ, ಈಜುಕೊಳ ಇನ್ನೊಂದು ಕಡೆ, ಎಲ್ಲಾ ಒಂದೇ ಗೇಟಿನೊಳಗೆ ಅನ್ಕೋಬೇಡಿ. ಮ್ಯಾಚೋ ಸಂಗೀತವೋ ಇದ್ರೆ ಒಳಗೇ ಬಿಡಲ್ಲ, ಮೊದ್ಲೇ ವಿಚಾರಿಸ್ಕೊಳ್ಳಿ. ಟೋಪಿ, ನೀರು ಮರೀಬೇಡಿ. ಚಾಮುಂಡಿ ಬೆಟ್ಟಕ್ಕೆ ಬುದ್ಧಿವಂತರು ಮಾಡ್ತಾರಲ್ಲ, ಹಾಗೆ ಬಸ್ಸಲ್ಲಿ ಹತ್ತಿ, ನಡ್ಕೊಂಡು ಇಳೀರಿ." ಇಷ್ಟೂ ಸರಿಯಾದ ಸಲಹೆಗಳೇ. ಈಗಲೂ ಯಾರು ಬೇಕಾದರೂ ನಂಬಿ ಹೋಗಬಹುದು. ಎಡವಟ್ಟಾದದ್ದು ಆಮೇಲೆ.

"ಅಲ್ಲಿ ಆ ಜ್ಯೋತಿ ಇತ್ತಲ್ಲಾ, ಬೀಗರೇ?" ಅಂದರು ಪದ್ಮಾವತಮ್ಮ.

"ಅಯ್ಯೋ, ಅದನ್ನ ಆಟ ಮುಗಿದ ದಿನಾನೇ ದೊಡ್ಡದು ಮಾಡ್ಬಿಟ್ರಲ್ಲ!"

"ದೊಡ್ಡದಾ?"

"ಹೂಂ ಮತ್ತೆ! ನಾನೇ ಕಣ್ಣಾರೆ ನೋಡಿ ಬಂದಿದೀನಿ."

ಅವರ ಕಣ್ಣು ಅರಳಿತು. ನಾನು ಅದನ್ನು ದುಃಖ ಅಂದುಕೊಂಡೆ.

ಹದಿನೈದು ದಿನದ ಮೇಲೆ ಮಧ್ಯಾಹ್ನ ಮೊಸರನ್ನ ಕಲಸುತ್ತಿದ್ದೆ. ಬೀಗರ ವಿಡಿಯೋ ಕಾಲ್ ಬಂತು. ಪರದೆಯಲ್ಲಿ ಅವರ ಬೆವರಿದ ಮುಖ, ಅದರ ಹಿಂದೆ ಅದೇ ತಣ್ಣಗಿನ ಬಾಂಡಲಿ.

"ಬೀಗರೇ, ದೀಪ ಎಲ್ಲಿ?"

"ದೊಡ್ಡದು ಮಾಡಿದಾರೆ ಅಂತ ಹೇಳಿದ್ನಲ್ಲ!"

"ದೊಡ್ಡದು ಮಾಡಿದ್ರೆ ಕಾಣಬೇಕಲ್ಲಾ?"

"ಅಲ್ರೀ, ದೊಡ್ಡದು ಮಾಡಿದ ಮೇಲೆ ಹೇಗ್ರೀ ಕಾಣತ್ತೆ?"

ಅವರು ಬಹಳ ತಗ್ಗಿದ ದನಿಯಲ್ಲಿ, "ಬೀಗರೇ, ನೀವು ಹುಷಾರಾಗಿದೀರಾ?" ಅಂದರು. ಆಗ ಪಕ್ಕದಲ್ಲಿ, ಮೆಟ್ಟಿಲ ಮೇಲೆ ಎರಡೂ ಕೈಯಲ್ಲಿ ಮಂಡಿ ಹಿಡಿದು ಕೂತಿದ್ದ ಬೀಗಿತಿ ಕಂಡರು. ಕಾಲ್ ಕಟ್ಟಾಯಿತು.

ಸಂಜೆ ಮಗಳ ಫೋನು. "ಅಪ್ಪಾ, ಏನ್ ಹೇಳಿ ಕಳಿಸ್ದೆ ಅವ್ರಿಗೆ? ಟೂರಿನೋರು ಶಾಪಿಂಗಿಗೆ ಅಂತ ಬಿಟ್ಟಿದ್ದ ಹೊತ್ತಲ್ಲಿ ಇವರಿಬ್ರೇ ಬೆಟ್ಟ ಹತ್ತಿದಾರೆ. ಬಸ್ಸು ಯಾವುದು ಅಂತ ಗೊತ್ತಾಗ್ದೆ ನಡ್ಕೊಂಡೇ! ಅಖಂಡಜ್ಯೋತಿ, ಕೈಮುಗಿದು ಬರ್ಬೇಕು ಅಂತ ಅತ್ತೆಗೆ ಆಸೆ. ಈಗ ಮಂಡಿ ಊದ್ಕೊಂಡಿದೆ. ನೀನು ಬೇಕಂತಲೇ ತಮಾಷೆ ಮಾಡಿದೀಯ ಅಂತ ಮಾವ ಅನ್ಕೊಂಡಿದಾರೆ. ಅವ್ರು ವಾಪಸ್ ಬಂದ್ಮೇಲೆ ನಾನು ಅವ್ರ ಮುಖ ಹೆಂಗಪ್ಪಾ ನೋಡ್ಲಿ?"

ಬೀಗರ ಜಗಳ ಹೋಳಿಗೆಗೆ ತುಪ್ಪ ಕಮ್ಮಿ ಬಡಿಸಿದ್ದಕ್ಕೆ ಆಗುವುದುಂಟು, ಉಡುಗೊರೆ ಕೊಡಲು ಹೆಸರು ಕೂಗುವಾಗ ಹಿಂದುಮುಂದಾದದ್ದಕ್ಕೆ ಆಗುವುದುಂಟು. ಸ್ಪೇನ್ ದೇಶದ ದೀಪಕ್ಕಾಗಿ ಆದದ್ದನ್ನು ಯಾರಾದರೂ ಕೇಳಿದ್ದೀರಾ? ಶಾರದೆಯ ಕಡೆ ನೋಡಿದೆ. "ಆರಿಹೋಗಿದೆ ಅಂತ ನೆಟ್ಟಗೆ ಹೇಳಕ್ಕೇನಾಗಿತ್ತು ನಿಮಗೆ ಧಾಡಿ?" ಅಂದಳು. ಎರಡನೇ ಆಘಾತ. ನಮ್ಮಜ್ಜಿಯ ಮೊಮ್ಮಗನ ಮನೆಯಲ್ಲಿ, ದೀಪ ಹಚ್ಚುವ ಹೊತ್ತಿನಲ್ಲಿ, ಅಂಥ ಮಾತು!

ಬೀಗರು ವಾಪಸು ಬಂದರು. ನಮಗೆ ಫೋನಿಲ್ಲ. ರಸಬಾಳೆಯ ಚಿಪ್ಪು ಹಿಡಿದುಕೊಂಡು ನಾವಿಬ್ಬರೂ ವಿಜಯನಗರಕ್ಕೆ ಹೋದೆವು. ಬಾಗಿಲು ತೆಗೆದ ಮಗಳು ನನ್ನನ್ನು ನೋಡಿದ ನೋಟದಲ್ಲಿ ಅಪ್ಪಾ ಎನ್ನುವುದಕ್ಕಿಂತ ಆರೋಪಿ ಎನ್ನುವುದೇ ಹೆಚ್ಚಾಗಿತ್ತು. ಪದ್ಮಾವತಮ್ಮ ಮಂಡಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದರು. ನಾನು ಅಜ್ಜಿಯಿಂದ ಶುರುಮಾಡಿ, ಬಳೆ, ಬಾಣ, ಬೆಂಕಿಪೊಟ್ಟಣ ಎಲ್ಲ ಹೇಳಿ, "ದೀಪ ದೊಡ್ಡದು ಮಾಡೋದು ಅಂದ್ರೆ ನಮ್ಮಲ್ಲಿ..." ಎಂದು ತಡವರಿಸಿ, ಕೊನೆಗೂ ಆ ಅಶುಭ ಪದವನ್ನು ಹೇಳಲಾರದೆ, ಕೈ ಬೀಸಿ ಉಫ್ ಎಂದು ಊದಿ ತೋರಿಸಿದೆ.

ರಂಗಸ್ವಾಮಿಯವರು ನೆಟ್ಟ ನೋಟದಿಂದ ನೋಡುತ್ತಿದ್ದವರು, "ಅಯ್ಯಯ್ಯೋ!" ಎಂದು ತಲೆಯ ಮೇಲೆ ಕೈಹೊತ್ತರು. "ನಮ್ಮ ತಮಿಳಿನ ಕಡೆ ಅದಕ್ಕೆ ದೀಪ ಬೆಟ್ಟ ಹತ್ತಿತು ಅಂತಾರೆ, ಬೀಗರೇ! ನೀವು ದೀಪ ಬೆಟ್ಟ ಹತ್ತಿದೆ ಅಂತ ಒಂದು ಮಾತು ಹೇಳಿದ್ರೆ, ನಾವು ಬೆಟ್ಟ ಹತ್ತುತ್ತಲೇ ಇರಲಿಲ್ಲ!"

ಮೊದಲು ನಕ್ಕವರು ಪದ್ಮಾವತಮ್ಮನವರೇ. ಮಂಡಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮಗಳು ಕಾಫಿ ತಂದಳು. ಸಕ್ಕರೆ ಹಾಕಿದ್ದಳು. ನನ್ನನ್ನು ಕ್ಷಮಿಸಿದ್ದಾಳೆಂದು ಗೊತ್ತಾಯಿತು.

ಮೊನ್ನೆ ಬೀಗರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಮುಂದಿನ ತಿಂಗಳು ವಿದೇಶಕ್ಕೆ ಹೊರಟಿದ್ದ ನೆಂಟರೊಬ್ಬರು ಅಲ್ಲಿ ಏನೇನು ನೋಡಬೇಕೆಂದು ವಿಚಾರಿಸುತ್ತಿದ್ದರು. ರಂಗಸ್ವಾಮಿಯವರು ನನ್ನ ಹೆಗಲ ಮೇಲೆ ಕೈಯಿಟ್ಟು, ತುಂಬಿದ ಸಭೆಯಲ್ಲಿ, "ನಮ್ಮ ಬೀಗರನ್ನ ಕೇಳಿ. ಇಂಥ ವಿಷಯದಲ್ಲಿ ಇವರ ಜ್ಞಾನದೀಪ ತುಂಬಾ ದೊಡ್ಡದು" ಅಂದರು.

ನಾನು ಉಬ್ಬಿಹೋಗಿ, ಎಲ್ಲರಿಗೂ ಕೈಮುಗಿದು, "ಎಲ್ಲಾ ನಿಮ್ಮ ಆಶೀರ್ವಾದ" ಅಂದೆ. ಪದ್ಮಾವತಮ್ಮ ಯಾಕೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದರು ಎಂಬುದು ಹೊಳೆಯುವಷ್ಟರಲ್ಲಿ ನಾನು ಎರಡನೇ ಸಲವೂ ಕೈಮುಗಿದಾಗಿತ್ತು.